ತಿರುವಿನ ಕುರ್ಚಿ

ನಮ್ಮ ಅಲ್ಮಿರೆಸ್ ಓಣಿಯಲ್ಲಿ ಸೆತೆಫಿಯಾಳನ್ನು ಕಂಡರೆ ಯಾರಿಗೂ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುತ್ತ ಯಾರಾದರೂ ಅವಳ ಮೇಲೆ ಕನಿಕರಪಟ್ಟರೆ ಅದು ಅವರವರ ಪಾಡು. ಅವಳ ಎದುರು ಮನೆಯಲ್ಲಿ ನಾನು ಮದುವೆಯಾಗಿ ಬಂದಾಗಿನಿಂದ ಇದ್ದೇನೆ. ನನ್ನ ಗುಂಡಿ-ದಾರದ ಅಂಗಡಿ ಇನ್ನೂ ನಡೆಯುತ್ತಿದ್ದಾಗ ಒಂದು ದಿನ ಅವಳು ಒಂದೇ ಒಂದು ಗುಂಡಿಗಾಗಿ ಬಂದಳು. ಡಬ್ಬಿ ಡಬ್ಬಿ ಸುರಿಸಿ ಹುಡುಕಿಸಿದಳು. ಕೊನೆಗೆ "ಇವೆಲ್ಲ ಹೆಣದ ಕೋಟಿನಿಂದ ಕಿತ್ತ ಹಾಗಿವೆಯಲ್ಲೇ ಪಾಸ್ತೋರಾ" ಎಂದು ಬರಿಗೈಯಲ್ಲಿ ಹೊರಟುಹೋದಳು. ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ಇದ್ದರು. ಅಂದಿನಿಂದ ನಾವಿಬ್ಬರೂ ಎಣ್ಣೆ ಸೀಗೆಕಾಯಿ. ಆದರೂ ಬೇಸಿಗೆಯ ಪ್ರತಿ ಸಂಜೆ ಅವಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ, ಏಕೆಂದರೆ ನನ್ನ ಸರದಿಯ ಜಾಗ ಅದು.

ಜುಲೈ ಬಂತೆಂದರೆ ನಮ್ಮ ಸೆವಿಯಾ ಊರಿನಲ್ಲಿ ಗೋಡೆಗಳಿಗೂ ಜ್ವರ ಬರುತ್ತದೆ. ಹಗಲೆಲ್ಲ ಬಾಗಿಲು ಕಿಟಕಿ ಮುಚ್ಚಿಕೊಂಡು ಕತ್ತಲಲ್ಲಿ ಬಿದ್ದಿರುತ್ತೇವೆ. ಹೊತ್ತು ಇಳಿದ ಮೇಲೆ ಬಕೆಟ್ಟಿನಿಂದ ಓಣಿಗೆ ನೀರು ಚಿಮುಕಿಸಿ, ಆಪಿನ ಹುಲ್ಲು ಹೆಣೆದ ಕುರ್ಚಿಗಳನ್ನು ಹೊರಗೆ ಹಾಕುತ್ತೇವೆ. ಆಗ ಸಮುದ್ರದ ಕಡೆಯಿಂದ ನದಿಗುಂಟ ಒಂದು ತಂಗಾಳಿ ಊರೊಳಗೆ ಹತ್ತಿ ಬರುತ್ತದೆ. ಆ ಗಾಳಿಗೂ ಪಕ್ಷಪಾತ. ನಮ್ಮ ಓಣಿಯಲ್ಲಿ ಅದು ನುಗ್ಗುವುದು ತಿರುವಿನಲ್ಲಿ ಮಾತ್ರ, ಸರಿಯಾಗಿ ಸೆತೆಫಿಯಾಳ ಮನೆಯ ಕಿಟಕಿಯ ಮುಂದೆ. ಮಿಕ್ಕವರಿಗೆಲ್ಲ ಅದರ ಎಂಜಲು. ಹಾಗಾಗಿ ಕುರ್ಚಿಗಳಿಗೆ ಒಂದು ಸಾಲು, ಸಾಲಿಗೆ ಒಂದು ಕ್ರಮ. ತಿರುವಿನಲ್ಲಿ ಕೂರುವವರು ಸತ್ತರೆ ಪಕ್ಕದವರು ಅಲ್ಲಿಗೆ ಸರಿಯುತ್ತಾರೆ, ಅವರ ಜಾಗಕ್ಕೆ ಅವರ ಪಕ್ಕದವರು. ಸೆತೆಫಿಯಾಳಿಗೆ ಆ ಜಾಗ ಅವಳ ಅತ್ತೆಯಿಂದ ಬಂತು. ಅವಳಾದ ಮೇಲೆ ನಾನು. ನನಗೆ ಸಕ್ಕರೆ ಕಾಯಿಲೆ ಇದೆ, ಅವಳಿಗೆ ಏನೂ ಇಲ್ಲ. ಅದನ್ನು ಅವಳು ಆಗಾಗ ನನಗೆ ನೆನಪಿಸುತ್ತಾಳೆ.

ಅವಳು ಲೋರಾದ ಕಡೆಯವಳು. ಸೆತೆಫಿಯಾ ಎಂಬುದು ಆ ಊರಿನ ಇಗರ್ಜಿಯ ದೇವಮಾತೆಯ ಹೆಸರು, ಬೇರೆ ಊರಿನವರು ಇಟ್ಟುಕೊಳ್ಳುವುದಿಲ್ಲ. ಮೀಸೆ ಬಾರದ ಹುಡುಗರು ಹಿಂದೆ ಬೀಳುವ ವಯಸ್ಸಿನಲ್ಲಿ ಇಲ್ಲಿನ ಆಲಿವ್ ಕಾರ್ಖಾನೆಗೆ ಸೇರಿದಳು. ಬೆಳಗಿನಿಂದ ಸಂಜೆಯವರೆಗೆ ಆಲಿವ್ ಕಾಯಿಯ ಬೀಜ ತೆಗೆದು, ಆ ತೂತಿಗೆ ಉಪ್ಪುಮೀನಿನ ಚೂರು ತುಂಬುವ ಕೆಲಸ. ಉಪ್ಪುನೀರಿಗೆ ಅವಳ ಬೆರಳು ಬೆಳ್ಳಗೆ ಸುಕ್ಕಾದವು, ನಾಲಿಗೆಯೂ ಆಯಿತೆಂದು ಕಾಣುತ್ತದೆ. ಯಾರು ಏನು ಮಾತಾಡಿದರೂ ಅದರೊಳಗಿನ ಬೀಜ ಕಿತ್ತು ಹೊರಗಿಟ್ಟು ಸುಮ್ಮನಾಗುತ್ತಾಳೆ. ಗಂಡ ರೊಹೇಲಿಯೊ ಫ್ರಿಜ್ ರಿಪೇರಿ ಮಾಡುತ್ತಿದ್ದ. ಸಾಧು ಮನುಷ್ಯ. ಸತ್ತಾಗ ಅವನ ಮುಖದಲ್ಲಿ ಎಂಥ ಶಾಂತಿ ಇತ್ತು ಎಂದು ನಾವೆಲ್ಲ ಅಂದುಕೊಂಡೆವು. ಮಕ್ಕಳಿಲ್ಲ.

ಅವಳ ತಂಗಿ ಅಂಗುಸ್ತಿಯಾಸ್ ಬೇರೆಯೇ ಮಣ್ಣು. ನಮ್ಮ ಓಣಿಯ ಹಿಂದೆ, ಬೇಸಿಗೆಯಲ್ಲಿ ಬಯಲಿನಲ್ಲೇ ಪರದೆ ಕಟ್ಟಿ ಸಿನಿಮಾ ತೋರಿಸುವ ಅಂಗಳವೊಂದಿತ್ತು. ಅಲ್ಲಿ ಟಿಕೆಟ್ ಹರಿಯುವ ಗೂಡಿನಲ್ಲಿ ಅವಳು ಕೂರುತ್ತಿದ್ದಳು. ಪರದೆ ಇದ್ದದ್ದು ಅವಳ ಬೆನ್ನ ಹಿಂದೆ. ಎಷ್ಟೋ ವರ್ಷ ಒಂದು ಸಿನಿಮಾವನ್ನೂ ಕಣ್ಣಿಂದ ನೋಡದೆ, ಬರೀ ಕಿವಿಯಿಂದ ಕೇಳಿ, ಉಳಿದದ್ದನ್ನು ತಾನೇ ಕಟ್ಟಿಕೊಂಡು ಮರುದಿನ ನಮಗೆ ಹೇಳುತ್ತಿದ್ದಳು. ಆಮೇಲೆ ನಾವು ಹೋಗಿ ನೋಡಿದರೆ ಕಥೆ ಬೇರೆಯೇ ಇರುತ್ತಿತ್ತು, ಅವಳು ಹೇಳಿದ್ದಕ್ಕಿಂತ ಸಪ್ಪೆಯಾಗಿರುತ್ತಿತ್ತು. ಅಂಗಳ ಮುಚ್ಚಿತು, ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಕೆಲವು ವರ್ಷಗಳ ನಂತರ ಅಂಗುಸ್ತಿಯಾಸ್ ಮೆಟ್ಟಿಲಿಂದ ಉರುಳಿದಳು. ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು.

ಸೆತೆಫಿಯಾ ಅವಳನ್ನು ತನ್ನ ಮನೆಗೆ ತಂದಳು. ಯಾರ ಹತ್ತಿರವೂ ಕೇಳಲಿಲ್ಲ, ಯಾರಿಗೂ ಹೇಳಿಕೊಳ್ಳಲಿಲ್ಲ. ಮಂಚವನ್ನು ಕಿಟಕಿಯ ಸರಳಿಗೆ ಅಂಟಿಸಿ ಹಾಕಿದಳು. ಹೊರಗೆ, ಅದೇ ಕಿಟಕಿಗೆ ಬೆನ್ನು ಹಾಕಿ ತನ್ನ ಕುರ್ಚಿ ಇಟ್ಟಳು. ಮಲಗಿದವಳಿಗೆ ಓಣಿಯ ಗಾಳಿ ಬೇಕು, ಓಣಿಯ ಮಾತು ಬೇಕು, ಅವೆರಡೂ ತಪ್ಪಬಾರದು ಎಂಬುದು ಅವಳ ಹಟ. ತಾನು ಹೆಚ್ಚು ಮಾತಾಡುವವಳಲ್ಲ. ಆದರೆ ನಮ್ಮಲ್ಲಿ ಯಾರಾದರೂ ದನಿ ತಗ್ಗಿಸಿದರೆ ಬೀಸಣಿಗೆಯಿಂದ ಮೊಣಕಾಲಿಗೆ ಒಂದು ಏಟು ಬೀಳುತ್ತಿತ್ತು.

"ಜೋರಾಗಿ ಹೇಳೇ. ಒಳಗಿರೋಳಿಗೆ ಕೇಳ್ಬೇಡ್ವಾ?"

ಹಾಗಾಗಿ ನಾವು ಜೋರಾಗಿ ಹೇಳುವುದನ್ನು ರೂಢಿ ಮಾಡಿಕೊಂಡೆವು. ಮೂರನೇ ಕುರ್ಚಿಯ ಬಾಲ್ಮೆಯಂತೂ ಸಾವಿನ ಸುದ್ದಿಗಳ ಕಣಜ. ಯಾರು ಹೋದರು, ಯಾರು ಹೋಗುವುದರಲ್ಲಿದ್ದಾರೆ, ಯಾರ ಹೊಟ್ಟೆ ಕೊಯ್ದು ನೋಡಿ ಹಾಗೇ ಹೊಲಿದರು, ಯಾರ ಮಣ್ಣಿಗೆ ಸೊಸೆ ಕೆಂಪು ಚಪ್ಪಲಿ ಹಾಕಿಕೊಂಡು ಬಂದಳು. ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆ ಉಗಿಯುತ್ತ ಎಲ್ಲವನ್ನೂ ಕಿಟಕಿಯ ಕಡೆಗೆ ಕೂಗಿ ಹೇಳುತ್ತಿದ್ದಳು. ಒಳಗಿನಿಂದ ಮೊದಮೊದಲು ಒಂದೆರಡು ಮಾತು ಬರುತ್ತಿತ್ತು. ಬರಬರುತ್ತ ನಿಂತಿತು. ಕೇಳಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆವು.

ಹೀಗಿರುವಾಗ ಆ ಸ್ಕೂಟರುಗಳು ಬಂದವು. ನಿಂತುಕೊಂಡು ಓಡಿಸುವ ಕರೆಂಟಿನ ಸ್ಕೂಟರುಗಳು, ದಪ್ಪ ಚಕ್ರದವು. ತಲೆಗೆ ಕಿತ್ತಳೆ ಬಣ್ಣದ ಹೆಲ್ಮೆಟ್ಟು ಕವುಚಿಕೊಂಡ ಪರದೇಶದವರು ಒಬ್ಬರ ಹಿಂದೊಬ್ಬರು, ಬಾತುಕೋಳಿ ಮರಿಗಳ ಹಾಗೆ, ಸದ್ದಿಲ್ಲದೆ ಬಂದು ಮೈಮೇಲೆ ಏರುತ್ತಿದ್ದರು. ಸದ್ದಾದರೂ ಇದ್ದರೆ ಬೈಯುವುದಕ್ಕೆ ಮುಂಚೆಯೇ ತಯಾರಾಗಬಹುದಿತ್ತು. ಮುಂದೆ ಒಬ್ಬ ಗೈಡು, ಫಾಬಿಯಾನ್ ಅಂತ ಹೆಸರು, ನದಿಯಾಚೆ ತ್ರಿಯಾನಾದವನು. ಆ ದಡದವರ ವಿಷಯ ನಾನು ಏನೂ ಹೇಳುವುದಿಲ್ಲ. ಉದ್ದ ಕೈಕಾಲು, ಬಿಸಿಲಿಗೆ ಸುಲಿದ ಮೂಗು, ಎಲ್ಲದಕ್ಕೂ ಹಲ್ಲು ಕಿರಿಯುವ ಸ್ವಭಾವ. ಅವನ ಕಂಪನಿಗೆ ಇವರ ಕಿವಿಗೆ ಸಿಕ್ಕಿಸುವ ಯಂತ್ರ ಕೊಡಿಸುವ ಯೋಗ್ಯತೆ ಕೂಡ ಇರಲಿಲ್ಲ, ಗಂಟಲು ಹರಿದುಕೊಂಡು ವಿವರಿಸುತ್ತಿದ್ದ.

ತಿರುವಿನ ಮೂಲೆಯ ಗೋಡೆಯಲ್ಲಿ ಒಂದು ಹಳೆಯ ಬೀಸುಕಲ್ಲು ಹುದುಗಿದೆ. ಗಾಡಿಗಳ ಗಾಲಿ ಗೋಡೆಗೆ ಉಜ್ಜದಿರಲಿ ಎಂದು ಯಾವ ಕಾಲದಲ್ಲೋ ಯಾರೋ ಇಟ್ಟದ್ದು. ನಾವು ಅದರ ಮೇಲೆ ಚಪ್ಪಲಿ ಒಣಗಿಸುತ್ತೇವೆ. ಅದನ್ನು ನೋಡಲು ಇವರು ಸಮುದ್ರ ದಾಟಿ ಬರುತ್ತಿದ್ದರು. ಬಂದವರು ತಿರುವನ್ನು ದಾಟಲು ಸೆತೆಫಿಯಾಳ ಕುರ್ಚಿ ಅಡ್ಡ.

"ಅಮ್ಮಾ, ಒಂದು ಗೇಣು ಆ ಕಡೆ ಸರೀತೀರಾ?" ಎಂದು ಫಾಬಿಯಾನ್ ಮೊದಲ ದಿನ ನಯವಾಗಿ ಕೇಳಿದ.

"ನೀನು ಒಂದು ಊರು ಆ ಕಡೆ ಸರಿ," ಎಂದಳು ಸೆತೆಫಿಯಾ.

ಅಲ್ಲಿಂದ ಶುರುವಾಯಿತು. ಅವರು ಬರುವ ಹೊತ್ತಿಗೆ ಸರಿಯಾಗಿ ಅವಳು ಓಣಿಗೆ ನೀರು ಹಾಕತೊಡಗಿದಳು. ಅದೂ ಚಿಮುಕಿಸುವುದಲ್ಲ, ಸುರಿಯುವುದು. ನಯವಾದ ಕಲ್ಲುಹಾಸಿನ ಮೇಲೆ ಚಕ್ರ ಜಾರಿ ಒಬ್ಬ ಬಿಳಿ ಗಡ್ಡದವನು ಬಾಲ್ಮೆಯ ಮಡಿಲಿಗೇ ಬಂದು ಬಿದ್ದ. ಬಾಲ್ಮೆ ಆ ವಿಷಯವನ್ನು ಚಳಿಗಾಲದವರೆಗೆ ಹೇಳಿಕೊಂಡು ತಿರುಗಿದಳು. ಇನ್ನೊಂದು ದಿನ ಒಬ್ಬ ಹೆಂಗಸು ನಮ್ಮ ಫೋಟೋ ಹಿಡಿದು, ನಾವು ಪ್ರವಾಸಿಗರಿಗಾಗಿ ಹೀಗೆ ಕೂರುತ್ತೇವೋ ಅಥವಾ ನಿಜವಾಗಿ ಇಲ್ಲೇ ವಾಸವೋ ಎಂದು ಫಾಬಿಯಾನ್‌ನಿಂದ ಕೇಳಿಸಿದಳು. ನನಗೆ ಮೈಯೆಲ್ಲ ಉರಿಯಿತು. "ನಿಜವಾಗಿ ಸಾಯ್ತೀವಿ ಕೂಡ, ಕಾಯ್ಕೊಂಡಿದ್ರೆ ನೋಡ್ಕೊಂಡು ಹೋಗ್ಬಹುದು ಅಂತ ಹೇಳು," ಎಂದಳು ಸೆತೆಫಿಯಾ. ಅವನು ಹೇಳಿದನೋ ಇಲ್ಲವೋ, ಅವರೆಲ್ಲ ನಕ್ಕರು.

ಕಂಪನಿಯವರು ಮುನಿಸಿಪಾಲಿಟಿಯ ಪೊಲೀಸಿನವನನ್ನು ಕಳಿಸಿದರು. ಅವನು ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತ ನಿಂತ.

"ನೋಡಿ ಅಮ್ಮಾ, ಸಾರ್ವಜನಿಕ ದಾರಿ ಇದು. ಎದುರು ಗೋಡೆಗೆ ಕುರ್ಚಿ ಹಾಕ್ಕೊಳ್ಳಿ, ಯಾರೂ ಏನೂ ಅನ್ನಲ್ಲ."

"ನಿಮ್ಮಮ್ಮ ಎಲ್ಲಿ ಕೂರ್ತಾಳಪ್ಪ, ಸಂಜೆ ಹೊತ್ತು?"

"ಬಾಗಿಲ ಮುಂದೆ."

"ದಾರೀಲಿ ತಾನೆ?"

"ಅದು ಬೇರೆ, ನಮ್ಮ ಬೀದಿ ಅಗಲ ಇದೆ."

"ಎದುರು ಗೋಡೇಲಿ ಗಾಳಿ ಇಲ್ಲ. ಒಳಗೆ ನನ್ನ ತಂಗಿ ಮಲಗಿದ್ದಾಳೆ. ನಾನು ಎದ್ದರೆ ಇವರೆಲ್ಲ ಏಳ್ತಾರೆ, ಮಾತೂ ಎದ್ದು ಹೋಗುತ್ತೆ. ಅವಳಿಗೆ ಇರೋದು ಇದೊಂದೇ. ಹೋಗು, ನಿಮ್ಮಮ್ಮನ್ನ ಕೇಳ್ಕೊಂಡು ಬಾ, ಆಮೇಲೆ ಏಳ್ತೀನಿ."

ಅವನು ಟೋಪಿ ಹಾಕಿಕೊಂಡು ಹೋದವನು ಮತ್ತೆ ಬರಲಿಲ್ಲ. ಆ ದಿನ ನನಗೂ ಅವಳ ಮೇಲೆ ಸ್ವಲ್ಪ ಹೆಮ್ಮೆಯಾಯಿತು, ಹೇಳಿಕೊಳ್ಳಲಿಲ್ಲ. ಕಂಪನಿಯವರು ರಾಜಿಗೆಂದು ತಮ್ಮ ಹೆಸರು ಅಚ್ಚು ಹಾಕಿದ ಬೀಸಣಿಗೆಗಳ ಕಟ್ಟು ಕಳಿಸಿದರು. ಅವನ್ನು ಅವಳು ನೀರಿನ ಬಕೆಟ್ಟಿಗೆ ಅದ್ದಿ ಫಾಬಿಯಾನ್‌ನ ಕೈಗೆ ವಾಪಸು ಕೊಟ್ಟಳು.

ಕೊನೆಗೆ ಅವನೇ ಸೋತ. ಕುರ್ಚಿ ಅಡ್ಡವಿದ್ದುದರಿಂದ ಸ್ಕೂಟರುಗಳು ಒಂದೊಂದಾಗಿ ದಾಟಬೇಕಿತ್ತು. ಅವನು ತನ್ನ ಸ್ಕೂಟರನ್ನು ಕಿಟಕಿಯ ಮಗ್ಗುಲಿಗೆ ಒರಗಿಸಿ, ಸರಳು ಹಿಡಿದು ನಿಂತು, ಕೈ ಬೀಸಿ ಒಬ್ಬೊಬ್ಬರನ್ನೇ ಬಿಡುತ್ತಿದ್ದ. ಎಲ್ಲರೂ ದಾಟಿ ಬೀಸುಕಲ್ಲಿನ ಸುತ್ತ ಸೇರುವವರೆಗೆ ಅಲ್ಲೇ. ಆಮೇಲೆ ಅಲ್ಲೇ ನಿಂತು ಅವರ ಭಾಷೆಯಲ್ಲಿ ಏನೋ ಹೇಳುತ್ತಿದ್ದ. ಅವರು ಒಮ್ಮೆ ಬಾಯಿ ಮುಚ್ಚಿಕೊಂಡು ಕೇಳುವರು, ಒಮ್ಮೆ ನಗುವರು. ಅವನ ಮಾತು ಮುಳುಗಿಹೋಗಲಿ ಎಂದು ಸೆತೆಫಿಯಾ ನಮ್ಮನ್ನು ಇನ್ನೂ ಜೋರಾಗಿ ಮಾತಾಡಿಸುತ್ತಿದ್ದಳು. ಬಾಲ್ಮೆ ಸತ್ತವರ ಹೆಸರನ್ನು ಕೂಗುತ್ತಿದ್ದರೆ ಅವನು ಅದರ ಮೇಲೆ ಕೂಗುತ್ತಿದ್ದ. ಎರಡು ಬೇಸಿಗೆ ಹೀಗೇ ನಡೆಯಿತು. ನಮಗೆ ಒಂದು ಅಕ್ಷರ ಅರ್ಥವಾಗುತ್ತಿರಲಿಲ್ಲ, ಆಗಬೇಕೆಂದೂ ಇರಲಿಲ್ಲ.

ಎರಡನೇ ಬೇಸಿಗೆಯ ಕೊನೆಯಲ್ಲಿ ಒಂದು ಸಂಜೆ ಮೆಕ್ಸಿಕೋದವರ ಗುಂಪು ಬಂತು. ಅವರು ಆಡುವುದು ನಮ್ಮದೇ ಭಾಷೆ, ಸ್ವಲ್ಪ ಸಕ್ಕರೆ ಹಾಕಿದ ಹಾಗಿರುತ್ತದೆ ಅಷ್ಟೇ. "ಬಾಯಿ ಮುಚ್ಚಿ, ಇವನೇನು ಬೊಗಳ್ತಾನೆ ಕೇಳೋಣ," ಎಂದು ಬಾಲ್ಮೆಯೇ ನಮ್ಮನ್ನು ಸುಮ್ಮನಿರಿಸಿದಳು. ಸೆತೆಫಿಯಾ ಬೀಸಣಿಗೆ ಬೀಸುತ್ತ ಅವನ ಕಡೆ ತಿರುಗಿಯೂ ನೋಡಲಿಲ್ಲ. ಫಾಬಿಯಾನ್ ನಮ್ಮ ಸಾಲನ್ನು ಒಮ್ಮೆ ನೋಡಿದ. ಅವನ ಹಲ್ಲುಕಿರಿತ ಮಾಯವಾಗಿತ್ತು.

"ಇದು ರೋಮನ್ನರ ಕಾಲದ ಬೀಸುಕಲ್ಲು," ಎಂದು ಶುರುಮಾಡಿದ. "ಈಗ ಮುಂದೆ ಹೋಗೋಣ ಬನ್ನಿ."

"ಅಯ್ಯೋ, ಅಷ್ಟೇನಾ?" ಎಂದಳು ಗುಂಪಿನ ಒಬ್ಬ ದಪ್ಪ ಹೆಂಗಸು. "ಕುರ್ಚಿ ಕಥೆ ಹೇಳಪ್ಪ. ನಮ್ಮ ನಾದಿನಿ ಹೋದ ವರ್ಷ ಬಂದಿದ್ದಾಗ ಇಂಗ್ಲಿಷಲ್ಲಿ ಕೇಳಿದ್ದಳಂತೆ. ಆ ಕಥೆ ಬಿಟ್ಟು ಬರಬೇಡ ಅಂತ ಹೇಳಿ ಕಳಿಸಿದ್ದಾಳೆ."

"ಅದು ಇವತ್ತು ಬೇಡ ಅಮ್ಮಾ. ಹೊತ್ತಾಯ್ತು."

"ಹೇಳು ಮಗನೇ," ಎಂದಿತು ಒಂದು ದನಿ.

ದನಿ ಬಂದದ್ದು ಕಿಟಕಿಯ ಒಳಗಿನಿಂದ. ಅಂಗುಸ್ತಿಯಾಸಳ ದನಿ ಕೇಳಿ ಎಷ್ಟು ದಿನವಾಗಿತ್ತೋ, ನಾನು ಗುರುತು ಹಿಡಿಯಲಿಲ್ಲ. ಟಿಕೆಟ್ ಗೂಡಿನಲ್ಲಿ ಇದ್ದಾಗಿನ ಗಟ್ಟಿ ದನಿ.

"ಹೇಳು. ಇವತ್ತು ಎಲ್ಲರೂ ಕೇಳ್ತಿದ್ದಾರಲ್ಲ."

ಫಾಬಿಯಾನ್ ಸರಳು ಹಿಡಿದುಕೊಂಡು ಹೇಳಿದ. ಹಿಂದೆ, ಬೆಳ್ಳಿ ತುಂಬಿದ ಹಡಗುಗಳು ಈ ನದಿಗೆ ಬರುತ್ತಿದ್ದ ಕಾಲದಲ್ಲಿ, ಈ ಮನೆಯಲ್ಲಿ ಅಕ್ಕ ತಂಗಿ ಇದ್ದರು. ತಂಗಿಗೆ ನಡೆಯಲು ಬಾರದು. ಅಕ್ಕನಿಗೆ ತಂಗಿಯ ಮೇಲೆ ಎಷ್ಟು ಪ್ರೀತಿಯೆಂದರೆ, ಕಿಟಕಿಯ ಮುಂದೆ ಈ ಬೀಸುಕಲ್ಲನ್ನು ಉರುಳಿಸಿ ತಂದು ಅದರ ಮೇಲೆ ಕಾವಲು ಕೂತಳು. ನದಿಯಿಂದ ಗಾಳಿ ಬಂದರೆ ಅಕ್ಕನ ಎದೆಗೆ ತಾಗಿ ನಿಲ್ಲುತ್ತಿತ್ತು. ಓಣಿಯಲ್ಲಿ ಯಾರಾದರೂ ಹೊಸಬರು ಹಾದುಹೋದರೆ ತಂಗಿಗೆ ಕಾಣುತ್ತಿದ್ದದ್ದು ಅಕ್ಕನ ಬೆನ್ನು. ಅಕ್ಕನ ಗೆಳತಿಯರು ಪ್ರತಿ ಸಂಜೆ ಬಂದು ಸತ್ತವರ ಹೆಸರುಗಳನ್ನು ಕಿಟಕಿಯೊಳಗೆ ಕೂಗುತ್ತಿದ್ದರು. ತಂಗಿ ತನ್ನ ಹೆಸರು ಯಾವಾಗ ಬರುತ್ತದೆಂದು ಕಾಯುತ್ತ ಮಲಗಿದ್ದಳು. ಬಂದರೆ ಆ ಕೂಗಾದರೂ ನಿಂತೀತು ಎಂದು.

ಅಲ್ಲಿಗೆ ಅವನು ನಿಲ್ಲಿಸಿದ. ಮೆಕ್ಸಿಕೋದ ಹೆಂಗಸು ಚಪ್ಪಾಳೆ ತಟ್ಟಲು ಕೈ ಎತ್ತಿದವಳು, ಕುರ್ಚಿ ನೋಡಿದಳು, ಕಿಟಕಿ ನೋಡಿದಳು, ಸಾಲಾಗಿ ಕೂತ ನಮ್ಮನ್ನು ನೋಡಿದಳು. ಕೈ ಹಾಗೇ ಕೆಳಗಿಳಿಯಿತು. ಬಾಲ್ಮೆಯ ತುಟಿಗೆ ಬೀಜದ ಸಿಪ್ಪೆ ಅಂಟಿಕೊಂಡು ನಿಂತಿತ್ತು.

ಸೆತೆಫಿಯಾ ಬೀಸಣಿಗೆ ಮಡಚಿದಳು. "ಯಾರು ಕಟ್ಟಿದ್ದು ಇದನ್ನ?"

ಫಾಬಿಯಾನ್ ಕಿಟಕಿಯ ಕಡೆ ನೋಡಿದ.

"ನಾನೇ ಅಕ್ಕಾ," ಎಂದಳು ಅಂಗುಸ್ತಿಯಾಸ್.

ಆಮೇಲೆ ತಿಳಿದದ್ದನ್ನು ಇಲ್ಲೇ ಹೇಳುತ್ತೇನೆ. ಮೊದಲ ಬೇಸಿಗೆಯಲ್ಲೇ ಫಾಬಿಯಾನ್ ಕಿಟಕಿಯ ಪಕ್ಕ ನಿಂತಾಗ, ನಮ್ಮ ಗಲಾಟೆಯಲ್ಲಿ ಯಾರಿಗೂ ಕೇಳದ ಹಾಗೆ ಅಂಗುಸ್ತಿಯಾಸ್ ಅವನನ್ನು ಮಾತಾಡಿಸಿದ್ದಳಂತೆ, ಆ ಕಲ್ಲಿನ ಬಗ್ಗೆ ಇವರಿಗೆ ಏನು ಹೇಳುತ್ತೀಯ ಎಂದು. ಅವನು ಹೇಳಿದ್ದು ಕೇಳಿ, "ಇಷ್ಟಕ್ಕೆ ಯಾರಪ್ಪ ಬಿಸಿಲಲ್ಲಿ ನಿಲ್ತಾರೆ?" ಎಂದು ನಕ್ಕಳಂತೆ. ಅವತ್ತಿನಿಂದ ಅವನು ಬೆಳಿಗ್ಗೆ, ಸೆತೆಫಿಯಾ ಮೀನು ತರಲು ಸಂತೆಗೆ ಹೋದ ಹೊತ್ತಿನಲ್ಲಿ, ಖಾಲಿ ಸ್ಕೂಟರಿನಲ್ಲಿ ಬಂದು ಕಿಟಕಿಗೆ ಒರಗಿ ನಿಲ್ಲುತ್ತಿದ್ದ. ಅವಳು ಅಂದಿನ ಕಥೆ ಹೇಳುತ್ತಿದ್ದಳು, ಅವನು ಸಂಜೆ ಅದನ್ನು ಪರಭಾಷೆಗೆ ತಿರುಗಿಸುತ್ತಿದ್ದ. ನಮ್ಮ ಕೂಗಾಟದ ನಡುವೆ ಅವಳು ಕಿವಿಗೊಟ್ಟು ಮಲಗಿರುತ್ತಿದ್ದದ್ದು ಬಾಲ್ಮೆಯ ಹೆಣಗಳಿಗಲ್ಲ, ಆ ಜನ ಎಲ್ಲಿ ನಗುತ್ತಾರೆ ಎಂಬುದಕ್ಕೆ.

"ಗಾಳಿ ನಿಂಗೆ ಬರ್ಲಿ ಅಂತ ತಾನೆ ನಾನಿಲ್ಲಿ ಕೂತಿದ್ದು?" ಎಂದಳು ಸೆತೆಫಿಯಾ. ಕಿಟಕಿಯ ಕಡೆ ತಿರುಗಲಿಲ್ಲ. ಓಣಿಗೆ ಹೇಳುವವಳ ಹಾಗೆ ಹೇಳಿದಳು.

"ನಿನ್ನ ಬೆನ್ನು ಎಷ್ಟು ಅಗಲ ಇದೆ ಅಂತ ಯಾವತ್ತಾದ್ರೂ ನೋಡ್ಕೊಂಡಿದ್ದೀಯಾ?"

"ಬಾಯಿಬಿಟ್ಟು ಹೇಳ್ಬಹುದಿತ್ತು."

"ನಿಮ್ಮ ಬಾಯಿ ಮುಚ್ಚಿದ್ರೆ ತಾನೆ ನಾನು ಬಿಡೋದು."

"ಪೊಲೀಸಿನವನ ಹತ್ರ ಜಗಳ ಆಡಿದೆ ನಿಂಗೋಸ್ಕರ."

"ಕೇಳಿಸ್ತು. ಅವನು ಹೇಳಿದ ಹಾಗೆ ಎದುರು ಗೋಡೆಗೆ ಹೋಗ್ತೀಯೇನೋ ಅಂತ ಕಾಯ್ತಿದ್ದೆ."

ನಾನು ಸೆತೆಫಿಯಾಳನ್ನು ಎಷ್ಟೋ ಸಲ ಮನಸ್ಸಿನಲ್ಲೇ ಬಡಿದುಹಾಕಿದ್ದೇನೆ. ಆದರೆ ಆ ಗಳಿಗೆಯಲ್ಲಿ ಅವಳ ಮುಖ ನೋಡಬಾರದಿತ್ತು ಎನ್ನಿಸಿತು. ಅಳಲಿಲ್ಲ, ಅವಳು ಅಳುವವಳಲ್ಲ. ಕುರ್ಚಿಯ ಕೈ ಹಿಡಿದು ಎದ್ದಳು. ಅವಳು ಎದ್ದ ಕೂಡಲೇ ಕಿಟಕಿಯ ಪರದೆ ಒಳಕ್ಕೆ ಉಬ್ಬಿ ಹಾರಾಡಿತು. ಅವಳು ಎದ್ದ ಕೂಡಲೇ ಕಿಟಕಿಯ ಪರದೆ ಒಳಕ್ಕೆ ಉಬ್ಬಿ ಹಾರಾಡಿತು.

"ಕೊನೆಗೆ ಆ ಅಕ್ಕ ಏನಾಗ್ತಾಳೆ ಕಥೇಲಿ?" ಎಂದು ಫಾಬಿಯಾನ್‌ನನ್ನು ಕೇಳಿದಳು.

"ದಿನಾ ಬೇರೆ ಬೇರೆ ಅಮ್ಮಾ," ಎಂದ ಅವನು, ನೆಲ ನೋಡುತ್ತ. "ಒಂದು ದಿನ ಕಲ್ಲಿನ ಸಮೇತ ನದಿಗೆ ಬೀಳ್ತಾಳೆ. ಒಂದು ದಿನ ಸಿಡಿಲು ಹೊಡೆಯುತ್ತೆ. ಹೋದ ವಾರ ಜರ್ಮನಿಯವರು ಬಂದಾಗ ಬರೀ ಸೆಕೆಗೆ ಸತ್ತಳು."

"ಬದುಕೋದು?"

"ಇಲ್ಲ ಅಮ್ಮಾ. ಇಲ್ಲಿವರೆಗೆ ಬದುಕಿಲ್ಲ."

ಅವಳು ಕುರ್ಚಿಯನ್ನು ಎಳೆದುಕೊಂಡು ಹೋಗಿ ನನ್ನ ಮನೆಯ ಗೋಡೆಗೆ ಒತ್ತಿ ಹಾಕಿ ಕೂತಳು. ಪೊಲೀಸು, ಕಂಪನಿ, ಯಾರು ಹೇಳಿದರೂ ಕ್ಯಾರೇ ಎನ್ನದೆ ಬಿಡದ ಜಾಗವನ್ನು ಬಿಟ್ಟದ್ದು ಹೀಗೆ.

ಮರುದಿನ ನಾನು ಕಾಯಲಿಲ್ಲ. ಕ್ರಮದ ಪ್ರಕಾರ ಜಾಗ ನನ್ನದು. ಬೇಗ ಕುರ್ಚಿ ತಂದು ತಿರುವಿನಲ್ಲಿ ಹಾಕಿಕೊಂಡು ಕೂತೆ. ಗಾಳಿ ಬಂತು. ಎಂಥ ಗಾಳಿ ಅದು, ಇಷ್ಟು ವರ್ಷ ಆ ಹೆಂಗಸು ಇದನ್ನು ಒಬ್ಬಳೇ ನುಂಗಿದಳಲ್ಲ ಎಂದು ಹೊಟ್ಟೆ ಉರಿದುಹೋಯಿತು.

"ಯಾರದು?" ಎಂದಿತು ಬೆನ್ನ ಹಿಂದಿನ ದನಿ.

"ನಾನು ಕಣೇ, ಪಾಸ್ತೋರಾ."

"ನೀನೂ ಕಡಿಮೆ ಅಗಲ ಇಲ್ಲ ಬಿಡು."

ಎದುರು ಗೋಡೆಯಿಂದ ಸೆತೆಫಿಯಾ ಮೂಗಿನಲ್ಲಿ ನಕ್ಕದ್ದು ನನಗೆ ಕೇಳಿಸಿತು. ಎದ್ದು ಬಂದೆ. ಅಂದಿನಿಂದ ಆ ಜಾಗದಲ್ಲಿ ಯಾರೂ ಕೂರುವುದಿಲ್ಲ, ಬೆಕ್ಕೊಂದು ಮಲಗುತ್ತದೆ.

ಎಲ್ಲ ಸುಸೂತ್ರವಾಯಿತು ಎಂದುಕೊಳ್ಳಬೇಡಿ. ಕುರ್ಚಿ ಸರಿದ ಮೇಲೆ ತಿರುವು ಸಲೀಸಾಯಿತು. ಸ್ಕೂಟರುಗಳು ನಿಲ್ಲದೆ, ಒಂದರ ಹಿಂದೊಂದು, ಬೀಸುಕಲ್ಲಿನ ಕಡೆ ಮುಖ ತಿರುಗಿಸಿ ಹಾಗೇ ಸುಯ್ಯೆಂದು ಹೋಗತೊಡಗಿದವು. ಸಲೀಸಾದ ದಾರಿಯಲ್ಲಿ ನಿಂತು ಹೊತ್ತು ಕಳೆಯಬೇಡ ಎಂದು ಕಂಪನಿಯವರು ಫಾಬಿಯಾನ್‌ಗೆ ತಾಕೀತು ಮಾಡಿದ್ದರಂತೆ. ಅವನು ಹೋಗುತ್ತ ಕಿಟಕಿಗೆ ಒಂದು ಕೈ ಎತ್ತುತ್ತಿದ್ದ, ಅಷ್ಟೇ. ಬೆಳಿಗ್ಗೆ ಬರುವುದೂ ನಿಂತಿತು. ಹೇಳದ ಕಥೆಯನ್ನು ಕೇಳಿಸಿಕೊಂಡು ಹೋಗಿ ಏನು ಮಾಡುತ್ತಾನೆ?

ಈಗ ಕಿಟಕಿಯಲ್ಲಿ ಗಾಳಿಯಿತ್ತು, ಬೇರೆ ಏನೂ ಇರಲಿಲ್ಲ. ನಾವು ಅಲ್ಲಿ ಮಾತಾಡುವುದನ್ನು ಬಿಟ್ಟಿದ್ದೆವು. ಬಾಲ್ಮೆಗೆ ತನ್ನ ಹೆಣಗಳ ವಿಷಯ ಹಾಗೆ ಅಂದದ್ದು ಇನ್ನೂ ಉರಿಯುತ್ತಿತ್ತು. ಸೆತೆಫಿಯಾ ಎದುರು ಗೋಡೆಯಲ್ಲಿ ಬೆವರು ಸುರಿಸುತ್ತ, ಅಷ್ಟು ವರ್ಷ ಬೆನ್ನು ಹಾಕಿದ್ದ ಕಿಟಕಿಯನ್ನು ದಿಟ್ಟಿಸಿಕೊಂಡು ಕೂತಿರುತ್ತಿದ್ದಳು. ಒಳಗೆ ತಲೆದಿಂಬಿನ ಮೇಲೆ ತಂಗಿಯ ಮುಖ. ಇಬ್ಬರ ನಡುವೆ ಮಾತಿಲ್ಲ. ಸ್ಕೂಟರುಗಳು ಬರುವ ಹೊತ್ತಿಗೆ ಆ ಮುಖ ದಿಂಬಿನಿಂದ ಸ್ವಲ್ಪ ಏಳುತ್ತಿತ್ತು. ಅವು ಹೋದ ಮೇಲೆ ಗೋಡೆಯ ಕಡೆ ತಿರುಗಿಕೊಳ್ಳುತ್ತಿತ್ತು. ರಾತ್ರಿ ಊಟದ ತಟ್ಟೆ ಹಾಗೇ ವಾಪಸು ಬರುತ್ತಿದೆ ಎಂದು ಸೆತೆಫಿಯಾ ಮೀನಂಗಡಿಯಲ್ಲಿ ಯಾರಿಗೋ ಹೇಳಿದಳಂತೆ. ನನಗೆ ಹೇಳಲಿಲ್ಲ.

ಒಂದು ಸಂಜೆ ಅವಳು ಓಣಿಗೆ ನೀರು ಹಾಕಿ, ಕುರ್ಚಿಯನ್ನು ಎತ್ತಿಕೊಂಡು ಬಂದಳು. ಗೋಡೆಯ ಕಡೆ ಹೋಗಲಿಲ್ಲ. ಕಿಟಕಿಯನ್ನು ದಾಟಿ ನಾಲ್ಕು ಹೆಜ್ಜೆ ಮುಂದೆ, ಓಣಿಯ ನಟ್ಟನಡುವೆ ಕುರ್ಚಿ ಹಾಕಿದಳು. ಅದರ ಒಂದು ಪಕ್ಕ ಬಕೆಟ್, ಇನ್ನೊಂದು ಪಕ್ಕ ರೊಹೇಲಿಯೊನ ಹಳೆಯ ಸಲಕರಣೆಯ ಪೆಟ್ಟಿಗೆ. ಕಿಟಕಿಗೆ ಗಾಳಿ ತಪ್ಪದ ಹಾಗೆ, ಕಿಟಕಿಗೆ ಮುಖ ಮಾಡಿ ಕೂತಳು. ಬೆಕ್ಕು ಕೂಡ ದಾಟಲು ಯೋಚಿಸಬೇಕಿತ್ತು.

ಸ್ಕೂಟರುಗಳು ಬಂದು ಒಂದರ ಮೂತಿಗೆ ಒಂದು ತಾಗಿ ನಿಂತವು. ಎಲ್ಲವೂ ನಿಂತದ್ದು ಸರಿಯಾಗಿ ಕಿಟಕಿಯ ಮುಂದೆ.

"ಅಮ್ಮಾ, ದಾರಿ," ಎಂದ ಫಾಬಿಯಾನ್.

"ಇಲ್ಲ."

"ಒಂದೊಂದಾಗಿ ಆದ್ರೂ ಬಿಡಿ."

"ಬಿಡ್ತೀನಿ. ಇಳಿದು ತಳ್ಕೊಂಡು ಹೋಗ್ಲಿ, ಒಬ್ಬೊಬ್ಬರೇ. ನಂಗೆ ಮನಸ್ಸು ಬಂದಾಗ. ಅಲ್ಲಿವರೆಗೆ ನೀನು ಆ ಸರಳು ಹಿಡ್ಕೊಂಡು ನಿಂತಿರು. ನಿಮ್ಮ ಕಂಪನಿಯೋರು ಕೇಳಿದ್ರೆ ಒಂದು ಹಾಳು ಮುದುಕಿ ಬಿಡ್ಲಿಲ್ಲ ಅಂತ ಹೇಳು."

ಅವನು ಅವಳನ್ನು ನೋಡಿದ, ಕಿಟಕಿಯನ್ನು ನೋಡಿದ. ಸ್ಕೂಟರನ್ನು ಒರಗಿಸಿ, ಸರಳಿಗೆ ಬಗ್ಗಿ ಕಿವಿಗೊಟ್ಟು ಸುಮಾರು ಹೊತ್ತು ನಿಂತ. ಅಂದಿನ ಗುಂಪು ಯಾವ ದೇಶದ್ದೋ ಗೊತ್ತಿಲ್ಲ, ಎಲ್ಲ ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡರು. ಆಮೇಲೆ ಅವನು ಹೇಳತೊಡಗಿದ. ಸೆತೆಫಿಯಾಳಿಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ಒಳಗೆ, ದಿಂಬಿನ ಮೇಲೆ, ಅವನ ಜೊತೆಜೊತೆಗೇ ಅಲುಗುತ್ತಿದ್ದ ತಂಗಿಯ ತುಟಿಗಳನ್ನು. ಕೊನೆಯಲ್ಲಿ ಅವರೆಲ್ಲ ಒಟ್ಟಿಗೆ ನಕ್ಕರು, ಒಬ್ಬ ಶಿಳ್ಳೆ ಹೊಡೆದ.

"ಏನೇ," ಎಂದು ಸೆತೆಫಿಯಾ ಅವರ ತಲೆಗಳ ಮೇಲಿಂದ ಕೂಗಿದಳು. ವಾರಗಳ ನಂತರದ ಮೊದಲ ಮಾತು ಅದು. "ಸತ್ತೆನಾ ಇವತ್ತು?"

ದಿಂಬಿನ ಮೇಲಿನ ಮುಖ ಅವಳ ಕಡೆ ತಿರುಗಿತು.

"ಇಲ್ಲ. ನಾಳೆ."

ಸೆತೆಫಿಯಾ ತಲೆಯಾಡಿಸಿ, ಮೊದಲನೆಯವನಿಗೆ ತಳ್ಳಿಕೊಂಡು ಹೋಗು ಎಂದು ಕೈ ತೋರಿಸಿದಳು. ಅವನು ದಾಟುವಾಗ ಬಕೆಟ್ಟಿನಲ್ಲಿ ಉಳಿದಿದ್ದ ನೀರನ್ನು ಅವನ ಚಕ್ರದ ಮುಂದೆ ಸುರಿದಳು.